ಔಷಧಿ ಅಂಗಡಿಯಲ್ಲಿ ಕೇಳಿ ತಿಳಿಯಿರಿ

ವೀಕ್ಷಕರೇ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ನಿಮಗೆ ಗೊತ್ತೇ ಇದೆ. ಸೇಡಂನಲ್ಲಿ ಇನ್ಸುಲಿನ್ ಕೊಂಡು ಆಡಕಿಗೆ ಮರಳುವವರು ಒಂದು ಮಾತು ನೆನಪಿಡಬೇಕು. ಬಳಸಲು ತೊಡಗದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಕಾವಿಗೆ ಸಿಕ್ಕಿದ್ದು ನೋಡಲು ಮೊದಲಿನಂತೆಯೇ ಇರಬಹುದು. ಆದರೆ ಗುಣ ಕುಂದಿ, ಸಕ್ಕರೆ ಹತೋಟಿಗೆ ಬಾರದೆ ಹೋಗಬಹುದು. ಆದ್ದರಿಂದ ಫ್ರಿಜ್‌ನಿಂದ ತೆಗೆದುಕೊಡುವುದನ್ನು ಕಣ್ಣಾರೆ ನೋಡಿ, ತಂಪು ಚೀಲದಲ್ಲಿ ಒಯ್ಯಿರಿ. ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ. ಹೆಪ್ಪುಗಟ್ಟಿದರೂ ಅದು ಕೆಡುತ್ತದೆ.

ಇನ್ನು ಅಂಗಡಿಯ ಮಾತು. 1945ರ ಔಷಧ ನಿಯಮಗಳಂತೆ, ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲೇ ಕೊಡಬೇಕು. ಪರವಾನಗಿ ಎಲ್ಲರಿಗೂ ಕಾಣುವಂತಿರಬೇಕು. 2014ರ ಮಾರ್ಚ್‌ನಿಂದ ಎಚ್-1 ಪಟ್ಟಿಯ ಔಷಧಿಗಳಿಗೆ, ಅಂದರೆ ಹಲವು ಪ್ರಬಲ ಆಂಟಿಬಯೋಟಿಕ್ ಹಾಗೂ ಕ್ಷಯದ ಔಷಧಿಗಳಿಗೆ, ಪ್ರತ್ಯೇಕ ದಾಖಲೆ ಪುಸ್ತಕವಿಟ್ಟು 3 ವರ್ಷ ಕಾಪಾಡಬೇಕು. ಅದಕ್ಕಾಗಿ ರೋಗಿಯ ಮತ್ತು ವೈದ್ಯರ ಹೆಸರು ಕೇಳಿದರೆ ಬೇಸರಿಸಬೇಡಿ.

ಬಿಲ್ಲು ತಪ್ಪದೆ ಪಡೆಯಿರಿ, ಅದರಲ್ಲಿ ಬ್ಯಾಚ್ ಸಂಖ್ಯೆ ಇದೆಯೇ ನೋಡಿ. ಯಾವುದಾದರೂ ಔಷಧಿ ಕಳಪೆಯೆಂದು ಹಿಂತೆಗೆದುಕೊಂಡಾಗ, ನಿಮ್ಮ ಮನೆಯಲ್ಲಿರುವುದು ಅದೇ ಹೌದೋ ಅಲ್ಲವೋ ಎಂದು ತಿಳಿಸುವುದು ಆ ಸಂಖ್ಯೆಯೇ. ಎಷ್ಟು ಹೊತ್ತಿಗೆ, ಊಟಕ್ಕೆ ಮುಂಚೆಯೋ ನಂತರವೋ ಎಂದು ಕೇಳಲು ಸಂಕೋಚ ಬೇಡ. ತಿಳಿಹೇಳುವುದೂ ಫಾರ್ಮಸಿಸ್ಟರ ಕೆಲಸವೇ.