ಬೆನ್ನುಹುರಿಗೆ ಸಾಲದಾದ ಆರು ಗಂಟೆ

ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಮುಗಿಸಿ ಎರಡು ಮೂರು ತಿಂಗಳಾದ ಮೇಲೆ ಕೆಲವರು ಡಾಕ್ಟರ ಹತ್ತಿರ ಒಂದು ವಿಚಿತ್ರ ದೂರು ತರುತ್ತಾರೆ. ಶರ್ಟಿನ ಗುಂಡಿ ನೋಡಲು ಕತ್ತು ಬಗ್ಗಿಸಿದರೆ ಬೆನ್ನಿನುದ್ದಕ್ಕೂ, ಒಮ್ಮೊಮ್ಮೆ ಕಾಲಿನ ತನಕವೂ, ಕರೆಂಟು ಹೊಡೆದ ಹಾಗೆ ಜುಮ್ಮೆನ್ನುತ್ತದೆ. ತಲೆ ಎತ್ತಿದರೆ ಏನೂ ಇಲ್ಲ. ಇದಕ್ಕೆ ಫ್ರಾನ್ಸಿನ ನರವೈದ್ಯ ಲೆರ್ಮಿಟ್ ಅವರ ಹೆಸರಿದೆ. ನೋಡಲು ಗಾಬರಿಯಾದರೂ ಬಹುತೇಕರಲ್ಲಿ ಇದು ಕೆಲವು ತಿಂಗಳಲ್ಲಿ ತಾನಾಗಿಯೇ ಹೋಗಿಬಿಡುತ್ತದೆ.

ನಿಜವಾಗಿ ಹೆದರಬೇಕಾದದ್ದು, ವಿಕಿರಣ ತಾಗಿದ ಬೆನ್ನುಹುರಿಯೇ ಕೆಡುವುದು, ತಡವಾಗಿ ಬರುತ್ತದೆ. ಆರು ತಿಂಗಳೊಳಗೆ ಅದು ಕಾಣಿಸಿಕೊಳ್ಳುವುದು ಅಪರೂಪ. ಎರಡು ಮೂರು ವರ್ಷ ಸುಮ್ಮನಿದ್ದು ಬಂದದ್ದೂ ಉಂಟು. ಒಂದು ಕಾಲಿನ ಬಲ ಕುಂದುತ್ತದೆ, ಇನ್ನೊಂದಕ್ಕೆ ಬಿಸಿ-ತಣ್ಣಗೆ ತಿಳಿಯದಾಗುತ್ತದೆ, ಬರಬರುತ್ತ ಎರಡೂ ಕಾಲು ಸೋಲುತ್ತವೆ, ಮೂತ್ರದ ಹಿಡಿತ ತಪ್ಪುತ್ತದೆ. ಸ್ಟಾಕ್‌ಹೋಮಿನ ವೈದ್ಯ ಆಲ್‌ಬೊಮ್ 1941ರಲ್ಲೇ ಇದನ್ನು ಬರೆದಿಟ್ಟರು. ಕ್ಯಾನ್ಸರ್ ಗೆದ್ದವರಿಗೇ ಬರುವ ಕಾಯಿಲೆ ಇದು, ಏಕೆಂದರೆ ಇದು ಬರುವಷ್ಟು ದಿನ ಬದುಕಿರುವವರು ಅವರೇ.

ಏಟು ಬೀಳುವುದು ಎಲ್ಲಿ? ಬೆನ್ನುಹುರಿಯ ನಡುವೆ ನರಕೋಶಗಳಿರುವ ಬೂದುಭಾಗ, ಅದರ ಸುತ್ತ ಮೇಲೆ ಕೆಳಗೆ ಸುದ್ದಿ ಒಯ್ಯುವ ತಂತುಗಳ ಬಿಳಿಭಾಗ. ವಿಕಿರಣದ ಹಾನಿ ಮುಖ್ಯವಾಗಿ ಕಾಣುವುದು ಬಿಳಿಭಾಗದಲ್ಲಿ. ಅಲ್ಲಿನ ತಂತುವಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಅದನ್ನು ವೈರಿನ ಮೇಲಿನ ಪ್ಲಾಸ್ಟಿಕ್ಕಿಗೆ ಹೋಲಿಸುವುದು ಶಾಲೆಯಿಂದಲೂ ರೂಢಿ. ಹೋಲಿಕೆ ಅರ್ಧ ಸರಿ. ಪ್ಲಾಸ್ಟಿಕ್ಕಿಗೆ ಜೀವವಿಲ್ಲ, ಮಯಲಿನ್ ಒಂದು ಜೀವಂತ ಕೋಶದ ಚಾಚು. ಆಲಿಗೋಡೆಂಡ್ರೋಸೈಟ್ ಎಂಬ ಈ ಕೋಶ ತನ್ನ ಕೈಗಳನ್ನು ಚಾಚಿ ಹತ್ತಾರು ತಂತುಗಳನ್ನು ಸುತ್ತಿಕೊಂಡಿರುತ್ತದೆ. ಅದು ಸತ್ತರೆ ಹತ್ತಾರು ತಂತುಗಳು ಒಟ್ಟಿಗೇ ಅಲ್ಲಲ್ಲಿ ಬರಿದಾಗುತ್ತವೆ, ಸುದ್ದಿ ನಿಧಾನವಾಗುತ್ತದೆ ಅಥವಾ ನಡುವೆಯೇ ನಿಂತುಹೋಗುತ್ತದೆ.

ವಿಕಿರಣ ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ವಿಭಜನೆಯಾಗುವ ಕೋಶಗಳನ್ನು. ಬೆಳೆದ ನರಕೋಶ ವಿಭಜನೆಯಾಗುವುದಿಲ್ಲ, ಆದ್ದರಿಂದ ಅದು ಗಟ್ಟಿ. ಹೊದಿಕೆಯ ಕೋಶಗಳು ಹಾಗಲ್ಲ. ಇಲಿಗಳಲ್ಲಿ ವಿಕಿರಣ ಬಿದ್ದು ಒಂದು ದಿನದೊಳಗೇ ಕೆಲವು ಸಾಯತೊಡಗುತ್ತವೆ. ಹೊಸದನ್ನು ಹುಟ್ಟಿಸಬೇಕಾದ ಮರಿಕೋಶಗಳೂ ಕಡಿಮೆಯಾಗುತ್ತವೆ. ಲೆರ್ಮಿಟ್ ಜುಮ್ಮು ಈ ತಾತ್ಕಾಲಿಕ ಕೊರತೆಯ ಸದ್ದು ಎಂದು ತಜ್ಞರು ತಿಳಿಯುತ್ತಾರೆ.

ಹಾಗಾದರೆ ವರ್ಷ ಕಳೆದ ಮೇಲೆ ಕಾಲುಗಳು ಸೋಲುವುದಕ್ಕೂ ಈ ಕೋಶಗಳೇ ಕಾರಣವೆ, ರಕ್ತನಾಳಗಳೆ? ಈ ಜಗಳ ದಶಕಗಟ್ಟಲೆ ನಡೆಯಿತು. 1990ರ ದಶಕದ ಒಂದು ಜಾಣ ಪ್ರಯೋಗ ತಕ್ಕಡಿಯನ್ನು ನಾಳಗಳ ಕಡೆಗೆ ವಾಲಿಸಿತು. ನ್ಯೂಟ್ರಾನ್ ತಾಗಿದರೆ ಬೋರಾನ್ ಪರಮಾಣು ಒಡೆದು, ಒಂದು ಕೋಶದಷ್ಟು ದೂರ ಮಾತ್ರ ಹೋಗುವ ಕಣಗಳನ್ನು ಚಿಮ್ಮುತ್ತದೆ. ರಕ್ತದಿಂದ ಬೆನ್ನುಹುರಿಯೊಳಗೆ ದಾಟಲಾರದ ಬೋರಾನ್ ಔಷಧವನ್ನು ಇಲಿಗೆ ಕೊಟ್ಟರೆ ಹೆಚ್ಚಿನ ಹೊಡೆತ ನಾಳದ ಗೋಡೆಗೇ ಬೀಳುತ್ತದೆ, ಮಯಲಿನ್ ಕೋಶಗಳು ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತವೆ. ಆದರೂ ಬಿಳಿಭಾಗ ಕೊಳೆಯಿತು, ಇಲಿಗಳ ಕಾಲು ಬಿದ್ದವು. ನಾಳದ ಒಳಪದರ ಹಾಳಾಗಿ ದ್ರವ ಸೋರುತ್ತದೆ, ಊತ ಬರುತ್ತದೆ, ಆಮ್ಲಜನಕ ಸಾಲದಾಗುತ್ತದೆ. ತಂತುಗಳು ಸಾಯುವುದು ಕೊನೆಗೆ.

ಎಷ್ಟಾದರೆ ಹೆಚ್ಚು? ವಿಕಿರಣದ ಅಳತೆ ಗ್ರೇ. ದಿನಕ್ಕೆ 2 ಗ್ರೇಯಂತೆ ಕಂತಿನಲ್ಲಿ ಕೊಟ್ಟರೆ ಒಟ್ಟು 50 ಗ್ರೇಗೆ ಸಾವಿರದಲ್ಲಿ ಸುಮಾರು ಇಬ್ಬರಿಗೆ ಅಪಾಯ, 60ಕ್ಕೆ ನೂರರಲ್ಲಿ ಆರು ಮಂದಿಗೆ, 69ಕ್ಕೆ ಅರ್ಧದಷ್ಟು ಜನರಿಗೆ. ಈ ಕಡಿದಾದ ಏರನ್ನು ಕಂಡೇ ವೈದ್ಯರು ಸಾಮಾನ್ಯವಾಗಿ 45ರಿಂದ 50ರಲ್ಲಿ ನಿಲ್ಲುತ್ತಾರೆ. (ಎಕ್ಸ್‌ರೇಗೆ ಹೆದರುವವರಿಗೆ ಒಂದು ಮಾತು: ಎದೆಯ ಎಕ್ಸ್‌ರೇಯಲ್ಲಿ ಬೀಳುವುದು ಒಂದು ಗ್ರೇಯ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ಅದಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲ.)

ಆದರೆ ನನ್ನ ಮಟ್ಟಿಗೆ ಒಟ್ಟು ಮೊತ್ತ ಅರ್ಧ ಕತೆ ಮಾತ್ರ. ಉಳಿದರ್ಧ ಕಂತುಗಳ ನಡುವಿನ ಬಿಡುವು, ಅದನ್ನು ಲೋಕಕ್ಕೆ ಕಲಿಸಿದ್ದು ಲಂಡನ್ನಿನ ಹೊರವಲಯದ ಮೌಂಟ್ ವರ್ನನ್ ಆಸ್ಪತ್ರೆ. ಗ್ರೇ ಎಂಬ ಅಳತೆಗೆ ಹೆಸರಾದ ಲೂಯಿ ಹೆರಾಲ್ಡ್ ಗ್ರೇ 1953ರಲ್ಲಿ ಪ್ರಯೋಗಾಲಯ ಕಟ್ಟಿದ್ದೂ ಅಲ್ಲೇ. 1980ರ ದಶಕದಲ್ಲಿ ಡಿಶ್ ಮತ್ತು ಸಾಂಡರ್ಸ್ ಎಂಬ ವೈದ್ಯರು ಅಲ್ಲಿ ಚಾರ್ಟ್ ಎಂಬ ಹೊಸ ಕ್ರಮ ತಂದರು: ದಿನಕ್ಕೆ ಮೂರು ಸಲ 1.5 ಗ್ರೇ, ವಾರದ ರಜೆಯೂ ಇಲ್ಲದೆ ಸತತ ಹನ್ನೆರಡು ದಿನ, ಒಟ್ಟು 54 ಗ್ರೇ. ಗೆಡ್ಡೆಗೆ ಮತ್ತೆ ಬೆಳೆಯಲು ಸಮಯ ಕೊಡಬಾರದು ಎಂಬುದು ಆಲೋಚನೆ. ಒಂದೊಂದು ಕಂತೂ ಸಣ್ಣದು, ನಡುವೆ ಆರು ಗಂಟೆ ಬಿಡುವು. ಬೆನ್ನುಹುರಿಗೆ ಇದರಿಂದ ಒಳ್ಳೆಯದೇ ಆಗಬೇಕೆಂದು ಎಲ್ಲರ ಲೆಕ್ಕ. 1989ರ ವರದಿ ಬೇರೆಯೇ ಹೇಳಿತು. ಸುರಕ್ಷಿತವೆಂದು ನಂಬಿದ್ದ 45 ಗ್ರೇ ಆಸುಪಾಸಿನಲ್ಲೇ ಕೆಲವರ ಬೆನ್ನುಹುರಿ ಕೆಟ್ಟಿತ್ತು.

ಕಾರಣ ಡಿಎನ್‌ಎ ರಿಪೇರಿಯ ವೇಗ. ಇಲಿಗಳಲ್ಲಿ ಅಳೆದಾಗ ಬೆನ್ನುಹುರಿಯ ರಿಪೇರಿಯಲ್ಲಿ ಒಂದು ಪಾಲು ಒಂದು ಗಂಟೆಯೊಳಗೆ ಅರ್ಧ ಮುಗಿಯುತ್ತದೆ, ಇನ್ನೊಂದು ಪಾಲಿಗೆ ಅರ್ಧ ಮುಗಿಯಲೇ ಸುಮಾರು ನಾಲ್ಕು ಗಂಟೆ ಬೇಕು. ಆರು ಗಂಟೆಗೆ ಮುಂದಿನ ಕಂತು ಬಿದ್ದರೆ ಹಳೆಯ ಗಾಯ ಇನ್ನೂ ಬಾಕಿ. ಹನ್ನೆರಡು ದಿನದಲ್ಲಿ ಆ ಬಾಕಿ ಬೆಳೆಯುತ್ತ ಹೋಗುತ್ತದೆ. ಚಾರ್ಟ್ ಅನ್ನು ಕೈಬಿಡಲಿಲ್ಲ, ಬೆನ್ನುಹುರಿಯ ಮಿತಿಯನ್ನು ಇಳಿಸಿದರು. ಮುಂದೆ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಅದು ಎರಡು ವರ್ಷ ಬದುಕುವವರನ್ನು ನೂರಕ್ಕೆ 20ರಿಂದ 29ಕ್ಕೆ ಏರಿಸಿತು.

ತಿಂಗಳು-ವರ್ಷಗಳ ಬಿಡುವಿನ ಮಾತೇ ಬೇರೆ. ಹ್ಯೂಸ್ಟನ್‌ನಲ್ಲಿ ಆಂಗ್ ಮತ್ತು ಸಂಗಡಿಗರು ರೀಸಸ್ ಕೋತಿಗಳ ಬೆನ್ನುಹುರಿಗೆ ಮೊದಲು 44 ಗ್ರೇ ಕೊಟ್ಟು, ಒಂದರಿಂದ ಮೂರು ವರ್ಷ ಬಿಟ್ಟು ಮತ್ತೆ ದೊಡ್ಡ ಮೊತ್ತ ಕೊಟ್ಟರು. ಬಹಳ ಎಚ್ಚರದ ಲೆಕ್ಕದಲ್ಲೂ ಒಂದು ವರ್ಷದಲ್ಲಿ ಮೊದಲ ಹಾನಿಯ ಅರ್ಧಕ್ಕಿಂತ ಹೆಚ್ಚು ಅಳಿದುಹೋಗಿತ್ತು. ಕ್ಯಾನ್ಸರ್ ಅದೇ ಜಾಗದಲ್ಲಿ ಮರುಕಳಿಸಿದರೆ ಎರಡನೇ ಸಲ ವಿಕಿರಣ ಕೊಡುವ ಧೈರ್ಯ ವೈದ್ಯರಿಗೆ ಬಂದದ್ದು ಇಂಥ ಫಲಿತಾಂಶಗಳಿಂದ. ಒಮ್ಮೆ ಕಾಲು ಬಿದ್ದ ಮೇಲೆ ಸ್ಟೀರಾಯ್ಡ್ ಕೊಟ್ಟು ನೋಡುವುದುಂಟು, ನಂಬಿಕೆಯ ಮದ್ದು ಇಲ್ಲ. ಹಾಗಾಗಿ ಎರಡನೇ ಸುತ್ತಿಗೆ ಮೊದಲು ವೈದ್ಯರು ಕೇಳುವುದು ಹಳೆಯ ಫೈಲು: ಯಾವ ಮಟ್ಟದ ಬೆನ್ನುಮೂಳೆಗೆ, ಎಷ್ಟು ಗ್ರೇ, ಎಷ್ಟು ಕಂತಿನಲ್ಲಿ, ಯಾವ ತಿಂಗಳು. ಬೇರೆ ಊರಿನಲ್ಲಿ ಚಿಕಿತ್ಸೆ ಪಡೆದು ಆ ಕಾಗದ ಕಳೆದುಕೊಂಡವರ ವಿಷಯದಲ್ಲಿ ಈ ಲೆಕ್ಕ ಹಾಕುವುದೇ ಕಷ್ಟ.