ಬೀಜದೊಳಗಿನ ಬರಹ: ಡಿಎನ್‌ಎ ಮತ್ತು ನಮ್ಮ ಸಂತತಿಯ ಆರೋಗ್ಯ

ಜೋಳ ಬಿತ್ತಿದ ಹೊಲದಲ್ಲಿ ಜೋಳವೇ ಬೆಳೆಯುತ್ತದೆ. ಮಗುವಿನ ಮುಖದಲ್ಲಿ ಅಜ್ಜನ ಮೂಗು, ತಾಯಿಯ ಕಣ್ಣು ಕಾಣುತ್ತವೆ. ಬೀಜದೊಳಗೆ ಈ ಕಟ್ಟಳೆ ಎಲ್ಲಿದೆ ಎಂಬುದನ್ನು ನಮ್ಮ ಪ್ರಾಚೀನ ವೈದ್ಯರೂ ಚಿಂತಿಸಿದ್ದರು. ಬೀಜದ ಯಾವ ಭಾಗ ಕೆಡುವುದೋ, ಆ ಭಾಗದಿಂದ ರೂಪುಗೊಳ್ಳಬೇಕಾದ ಅಂಗದಲ್ಲಿ ವಿಕೃತಿ ತೋರುವುದೆಂದು ಚರಕಸಂಹಿತೆಯ ಶಾರೀರಸ್ಥಾನ ತಿಳಿಸುತ್ತದೆ. ಅವರಿಗೆ ಡಿಎನ್‌ಎ ತಿಳಿದಿತ್ತೆಂದು ಹೇಳುವುದು ಸರಿಯಾಗದು. ಆದರೆ ಅವರ ಪ್ರಶ್ನೆಗೆ ಡಿಎನ್‌ಎಯಲ್ಲಿ ಉತ್ತರ ದೊರೆತಿದೆ.

ತಿರುಚಿದ ಏಣಿ

ನಮ್ಮ ದೇಹದ ಬಹುಪಾಲು ಜೀವಕೋಶಗಳ ಕೇಂದ್ರದಲ್ಲಿ 46 ವರ್ಣತಂತುಗಳಿವೆ. 23 ತಂದೆಯಿಂದ, 23 ತಾಯಿಯಿಂದ ಬಂದವು. ಪ್ರತಿಯೊಂದರಲ್ಲೂ ಬಿಗಿಯಾಗಿ ಸುತ್ತಿದ ಡಿಎನ್‌ಎ ಎಳೆಯಿದೆ. ಒಂದೇ ಕೋಶದ ಎಳೆಗಳನ್ನೆಲ್ಲ ಬಿಡಿಸಿ ಸಾಲಾಗಿ ಇಟ್ಟರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅದರ ಆಕಾರ ತಿರುಚಿದ ಏಣಿಯಂತಿದೆ ಎಂಬುದನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತಿಳಿಸಿದರು. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಕ್ಷಕಿರಣ ಅಧ್ಯಯನ ಅದಕ್ಕೆ ಮುಖ್ಯ ಆಧಾರವಾಗಿತ್ತು. ಏಣಿಯ ಬದಿಗಳು ಸಕ್ಕರೆ ಮತ್ತು ಫಾಸ್ಫೇಟಿನಿಂದಾಗಿವೆ. ಮೆಟ್ಟಿಲುಗಳಲ್ಲಿ ಅಡೆನಿನ್‌ಗೆ ಥೈಮಿನ್, ಗ್ವಾನಿನ್‌ಗೆ ಸೈಟೊಸಿನ್ ಜೊತೆಯಾಗಿರುತ್ತದೆ. ಕೋಶ ಎರಡಾಗುವ ಮುನ್ನ ಏಣಿ ನಡುವೆ ಬಿಚ್ಚಿಕೊಂಡು, ಪ್ರತಿ ಅರ್ಧವೂ ತನ್ನ ಜೊತೆಯನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ.

ಈ ನಾಲ್ಕೇ ದೇಹದ ಅಕ್ಷರಮಾಲೆ. ಮೂರು ಅಕ್ಷರಗಳ ಒಂದೊಂದು ಗುಂಪು ಸಾಮಾನ್ಯವಾಗಿ ಒಂದು ಅಮೈನೊ ಆಮ್ಲವನ್ನು ಸೂಚಿಸುತ್ತದೆ. ಈ ಲಿಪಿಯನ್ನು ಬಿಡಿಸಿದುದಕ್ಕಾಗಿ 1968ರಲ್ಲಿ ನೊಬೆಲ್ ಪಡೆದವರಲ್ಲಿ ಅವಿಭಜಿತ ಭಾರತದಲ್ಲಿ ಜನಿಸಿದ ಹರಗೋಬಿಂದ ಖೊರಾನಾ ಒಬ್ಬರು. ಪ್ರೋಟೀನಿನ ಬರಹವಿರುವ ಭಾಗವೇ ಜೀನು. ಆರ್‌ಎನ್‌ಎ ಅದರ ನಕಲನ್ನು ಕೋಶಕೇಂದ್ರದಿಂದ ಹೊರಗೆ ಒಯ್ಯುತ್ತದೆ. ಅಲ್ಲಿ ಪ್ರೋಟೀನು ಸಿದ್ಧವಾಗುತ್ತದೆ.

ಅಕ್ಷರ ತಪ್ಪಿದಾಗ

ರಕ್ತದ ಹಿಮೋಗ್ಲೋಬಿನ್‌ಗೆ ಬೇಕಾದ ಬೀಟಾ ಸರಪಳಿಯ ಜೀನು 11ನೆಯ ವರ್ಣತಂತುವಿನಲ್ಲಿದೆ. ತಂದೆ ತಾಯಿಗಳಿಂದ ಬಂದ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿದ್ದರೆ ಆ ವ್ಯಕ್ತಿ ಥಲಸ್ಸೇಮಿಯಾ ವಾಹಕ. ಸಾಮಾನ್ಯವಾಗಿ ಆರೋಗ್ಯವಾಗಿಯೇ ಬಾಳುತ್ತಾರೆ. ಎರಡೂ ತೀವ್ರವಾಗಿ ಕೆಟ್ಟಿದ್ದರೆ ಮಗು ಎರಡು ವರ್ಷ ತುಂಬುವುದರೊಳಗೆ ಬಿಳಿಚಿಕೊಳ್ಳುತ್ತದೆ. ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕಾಗುತ್ತದೆ. ಪತಿ ಪತ್ನಿ ಇಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲೂ ಇಂತಹ ಮಗು ಹುಟ್ಟುವ ಸಂಭವ ನಾಲ್ಕರಲ್ಲಿ ಒಂದು ಪಾಲು.

ಬೆಡಗು ಬೇರೆಯಾದರೆ ಸಾಕೇ?

ಚರಕಸಂಹಿತೆಯ ಶಾರೀರಸ್ಥಾನದ ಎರಡನೆಯ ಅಧ್ಯಾಯದ ಹೆಸರೇ ‘ಅತುಲ್ಯಗೋತ್ರೀಯ’. ನಾವೂ ಗೋತ್ರ, ಬೆಡಗು ನೋಡಿಯೇ ಸಂಬಂಧ ಕುದುರಿಸುತ್ತೇವೆ. ಆದರೆ ಬೆಡಗು ತಂದೆಯ ಕಡೆಯಿಂದ ಬರುತ್ತದೆ. ಡಿಎನ್‌ಎ ತಾಯಿಯಿಂದಲೂ ಸರಿಪಾಲು ಬರುತ್ತದೆ. ಸೋದರಮಾವನ ಮತ್ತು ಅಕ್ಕನ ಮಗಳ ಬೆಡಗು ಬೇರೆಯಾದರೂ, ಒಂದೇ ಮೂಲದಿಂದ ಬಂದ ಡಿಎನ್‌ಎ ಅವರಲ್ಲಿ ಸರಾಸರಿ ನಾಲ್ಕನೆಯ ಒಂದು ಭಾಗದಷ್ಟಿರುತ್ತದೆ. ಅತ್ತೆಯ ಮಗ, ಮಾವನ ಮಗಳ ನಡುವೆ ಎಂಟನೆಯ ಒಂದು ಭಾಗ. ಒಂದೇ ದೋಷ ಇಬ್ಬರಲ್ಲೂ ಅಡಗಿರುವ ಸಂಭವ ಇದರಿಂದ ಹೆಚ್ಚುತ್ತದೆ. ಆಸ್ತಿ ಮನೆಯಲ್ಲೇ ಉಳಿಯಲಿ, ಮಗಳು ಕಣ್ಣೆದುರಿಗಿರಲಿ ಎಂಬ ಹಿರಿಯರ ಆಸೆ ಸಹಜವಾದುದೇ. ಆದರೆ ಅದರ ಬೆಲೆಯನ್ನು ಹುಟ್ಟಲಿರುವ ಕಂದ ತೆರಬಾರದು.

ಮಾಡಬೇಕಾದುದು

ಜಾತಕ ನೋಡಿಸುವಂತೆ ವಿವಾಹಕ್ಕೆ ಮುನ್ನ ವಧೂವರರ ರಕ್ತದಲ್ಲಿ ಹಿಮೋಗ್ಲೋಬಿನ್ ಎ2 ಪ್ರಮಾಣದ ಪರೀಕ್ಷೆಯನ್ನೂ ಮಾಡಿಸಬೇಕು. ಈಗಾಗಲೇ ವಿವಾಹವಾದವರು ಗರ್ಭದ ಮೊದಲ ತಿಂಗಳುಗಳಲ್ಲೇ ಮಾಡಿಸಿ. ಇಬ್ಬರೂ ವಾಹಕರಾದರೆ ತಜ್ಞರು ಗರ್ಭಸ್ಥ ಶಿಶುವಿನ ಡಿಎನ್‌ಎಯನ್ನೂ ಪರೀಕ್ಷಿಸಬಲ್ಲರು. ವಾಹಕರಲ್ಲಿ ಕಾಣುವ ಅಲ್ಪ ರಕ್ತಹೀನತೆಯನ್ನು ಕಬ್ಬಿಣದ ಕೊರತೆಯೆಂದು ತಿಳಿದು, ಪರೀಕ್ಷಿಸದೆ ಲೋಹಭಸ್ಮವನ್ನಾಗಲಿ ಕಬ್ಬಿಣದ ಗುಳಿಗೆಯನ್ನಾಗಲಿ ಸೇವಿಸಬಾರದು. ಯಾವ ರಸಾಯನವೂ ಈ ಬರಹವನ್ನು ತಿದ್ದಲಾರದು ಎಂಬುದನ್ನು ಆಯುರ್ವೇದ ವೈದ್ಯರಾದ ನಾವೇ ಸ್ಪಷ್ಟವಾಗಿ ಹೇಳಬೇಕು.

ವಾಹಕರಾಗಿರುವುದು ಕಳಂಕವಲ್ಲ; ಅಂತಹ ಹೆಣ್ಣನ್ನಾಗಲಿ ಗಂಡನ್ನಾಗಲಿ ದೂರವಿಡುವುದು ಶರಣರ ಮಾರ್ಗವೂ ಅಲ್ಲ. ವಾಹಕರಲ್ಲದವರೊಡನೆ ವಿವಾಹವಾದರೆ ಅವರ ಮಕ್ಕಳಿಗೆ ಈ ತೀವ್ರ ರೋಗದ ಭಯವಿಲ್ಲ. ನಿಶ್ಚಿತಾರ್ಥಕ್ಕೆ ಮುನ್ನ ನೀಡುವ ಕೆಲವು ಹನಿ ರಕ್ತ ಒಂದು ಮಗುವಿನ ಜೀವಮಾನದ ನೋವನ್ನು ತಪ್ಪಿಸಬಲ್ಲದು. ಸದ್ಭಕ್ತರು ಇದನ್ನು ತಮ್ಮ ಮನೆಯ ಹಿರಿಯರೊಡನೆ ಕುಳಿತು ಚರ್ಚಿಸಲಿ.