ತಾರಾವರ್ಚಸ್ಸು ಮತ್ತು ಹವಾಮಾನ ಬದಲಾವಣೆಯ ಸಂಕಥನ

ಗಂಭೀರ ಪ್ರಶ್ನೆಯೊಂದು ಜನರ ಗಮನಕ್ಕೆ ಬರುವುದು ಅದರ ಸ್ವಂತ ಮಹತ್ವದಿಂದಲೋ ಅಥವಾ ಅದನ್ನು ನುಡಿಯುವ ವ್ಯಕ್ತಿಯ ವರ್ಚಸ್ಸಿನಿಂದಲೋ? ಹವಾಮಾನ ಬದಲಾವಣೆಯ ಸಂಕಥನದಲ್ಲಿ ಈ ಪ್ರಶ್ನೆ ಮುಖ್ಯವಾಗುತ್ತದೆ. ದಶಕಗಳ ಸರಾಸರಿಯಲ್ಲಿ ಮಾತ್ರ ಸ್ಪಷ್ಟಗೊಳ್ಳುವ ಈ ವಿದ್ಯಮಾನಕ್ಕೆ ತನ್ನದೇ ಆದ ಮುಖವಿಲ್ಲ. ಆ ಮುಖವನ್ನು ಒದಗಿಸುವವರು ತಾರೆಯರು. ಇದರ ಸಾಧ್ಯತೆ ಮತ್ತು ಮಿತಿಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಾಲಿವುಡ್ ನಟ ಲಿಯೊನಾರ್ಡೊ ಡಿಕಾಪ್ರಿಯೊ ಅವರನ್ನು ವಿಶ್ವಸಂಸ್ಥೆಯು 2014ರಲ್ಲಿ ಹವಾಮಾನ ಬದಲಾವಣೆಯ ವಿಷಯಕ್ಕಾಗಿ ತನ್ನ ಶಾಂತಿದೂತರನ್ನಾಗಿ ನೇಮಿಸಿತು. 2016ರ ಫೆಬ್ರವರಿ 28ರಂದು ಆಸ್ಕರ್ ಪ್ರಶಸ್ತಿ ಸ್ವೀಕರಿಸುತ್ತ ಅವರು ಈ ವಿಷಯವನ್ನೇ ಪ್ರಸ್ತಾಪಿಸಿದರು. ಅದರ ಪರಿಣಾಮವನ್ನು ಅಳೆದ ಅಧ್ಯಯನವೊಂದು ಅದೇ ವರ್ಷ 'ಪ್ಲಾಸ್ ಒನ್' ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅದರಂತೆ ಆ ದಿನ ಟ್ವಿಟರ್‌ನಲ್ಲಿ ಈ ಕುರಿತ ಬರಹಗಳು ಶೇ. 636ರಷ್ಟೂ ಗೂಗಲ್ ಹುಡುಕಾಟ ಶೇ. 261ರಷ್ಟೂ ಹೆಚ್ಚಿದವು. 2015ರ ಹವಾಮಾನ ಸಮ್ಮೇಳನವು ದಿನವೊಂದಕ್ಕೆ ಸರಾಸರಿ ಮೂಡಿಸಿದ ಸಂಚಲನಕ್ಕಿಂತ ಇದು ಮೂರು ಪಟ್ಟಿಗೂ ಅಧಿಕ. ಆದರೆ ಹುಡುಕಾಟದ ಈ ಏರಿಕೆ ಕೆಲವೇ ದಿನಗಳಲ್ಲಿ ಇಳಿಯಿತು. ಹುಡುಕಾಟವು ಕುತೂಹಲದ ಸೂಚಕವೇ ಹೊರತು ತೊಡಗುವಿಕೆಯ ಪ್ರಮಾಣವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಎರಡನೆಯ ಮಿತಿ ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ್ದು. 2019ರಲ್ಲಿ ಇದೇ ನಟರು ಕಾವೇರಿ ಜಲಾನಯನ ಪ್ರದೇಶದಲ್ಲಿ ಗಿಡ ನೆಡುವ ಅಭಿಯಾನವೊಂದಕ್ಕೆ ಬೆಂಬಲ ಸೂಚಿಸಿದರು. ನದಿಯ ಸಮಸ್ಯೆಯನ್ನು ಗಿಡ ನೆಡುವಿಕೆಗೆ ಸೀಮಿತಗೊಳಿಸುವುದು ಸರಳೀಕರಣವೆಂದು ಹಲವು ಪರಿಸರ ಸಂಘಟನೆಗಳು ಆಕ್ಷೇಪಿಸಿ, ಬೆಂಬಲವನ್ನು ಹಿಂಪಡೆಯುವಂತೆ ಅವರಿಗೆ ಪತ್ರ ಬರೆದವು. ಅಭಿಯಾನದ ಗುಣದೋಷಗಳ ವಿಚಾರ ಹೇಗೇ ಇರಲಿ, ದೂರದ ತಾರೆಯ ಒಂದು ಮಾತು ಸ್ಥಳೀಯವಾಗಿ ವಿವಾದಾಸ್ಪದವಾದ ನಿಲುವೊಂದಕ್ಕೆ ಜಾಗತಿಕ ಮನ್ನಣೆಯನ್ನು ದೊರಕಿಸಬಲ್ಲದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ತಾರಾವರ್ಚಸ್ಸು ಕ್ಷಣಿಕವೂ ಅಪಾಯಕಾರಿಯೂ ಮಾತ್ರವೇ? ನಮ್ಮದೇ ಚರಿತ್ರೆ ಹಾಗೆ ಹೇಳುವುದಿಲ್ಲ. ಗೋಕಾಕ್ ವರದಿಯ ಜಾರಿಗಾಗಿ ಸಾಹಿತಿಗಳು ಆರಂಭಿಸಿದ್ದ ಹೋರಾಟವು 1982ರಲ್ಲಿ ಡಾ. ರಾಜಕುಮಾರ್ ಅವರ ಪ್ರವೇಶದಿಂದ ಜನಾಂದೋಲನವಾಯಿತು. ಅವರು ಬರುವ ವೇಳೆಗೆ ವರದಿ ಸಿದ್ಧವಿತ್ತು; ಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನವೆಂಬ ಬೇಡಿಕೆ ಸ್ಪಷ್ಟವಿತ್ತು; ಉತ್ತರಿಸಬೇಕಾದ ಸರ್ಕಾರ ಎದುರಿಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ವಿಷಯವು ಜನರ ಮಾತಿನಲ್ಲಿತ್ತು. ತಾರೆಯ ಧ್ವನಿ ವಿಷಯವನ್ನು ಸೃಷ್ಟಿಸಲಿಲ್ಲ, ಸಿದ್ಧವಿದ್ದ ವಿಷಯವನ್ನು ವಿಸ್ತರಿಸಿತು.

ಹವಾಮಾನ ಬದಲಾವಣೆಯ ಸಂಕಥನಕ್ಕೆ ಕನ್ನಡದಲ್ಲಿ ಈ ಪೂರ್ವಸಿದ್ಧತೆ ಸಾಲದು. ದಿನದಿನದ ಸ್ಥಿತಿಯನ್ನು ಸೂಚಿಸುವ 'ಹವಾಮಾನ' ಮತ್ತು ದೀರ್ಘಕಾಲದ ಸರಾಸರಿಯನ್ನು ಸೂಚಿಸುವ 'ವಾಯುಗುಣ' ಎಂಬ ಪದಗಳ ಭೇದವೇ ಬಳಕೆಯಲ್ಲಿ ಅಳಿಸಿಹೋಗಿದೆ. ಪ್ರಸ್ತುತ ಲೇಖನವೂ ರೂಢಿಯನ್ನೇ ಅನುಸರಿಸಿದೆ. ಒಂದು ದಿನದ ಅಕಾಲಿಕ ಮಳೆಯನ್ನೂ ಶತಮಾನದ ತಾಪಮಾನ ಏರಿಕೆಯನ್ನೂ ಒಂದೇ ಪದದಿಂದ ಹೇಳುವಲ್ಲಿ, ತಾರೆ ಮೂಡಿಸಿದ ಗಮನವು ತಿಳಿವಳಿಕೆಯಾಗಿ ನೆಲೆಗೊಳ್ಳುವುದು ಕಷ್ಟ. ಮಳೆ ನಕ್ಷತ್ರಗಳ ಗಾದೆಗಳಿಂದ ಮೊದಲ್ಗೊಂಡು ರೈತರ ನುಡಿಯಲ್ಲಿರುವ ಋತುಜ್ಞಾನವನ್ನು ವಿಜ್ಞಾನದ ಪರಿಭಾಷೆಯೊಂದಿಗೆ ಜೋಡಿಸುವ ಕಾರ್ಯ ನಟರದಲ್ಲ, ಅದು ಕನ್ನಡ ಅಧ್ಯಯನ ವಿಭಾಗಗಳದು. ಗೋಕಾಕ್ ಚಳವಳಿಯಲ್ಲಿ ಬರಹಗಾರರು ನಿರ್ವಹಿಸಿದ ಪಾತ್ರವನ್ನು ಈ ಸಂದರ್ಭದಲ್ಲಿ ನಿರ್ವಹಿಸುವವರು ಯಾರು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.